ಶುಕ್ರವಾರ ಸಂಜೆ ನಾಲ್ಕೂವರೆ

ಬಂಗಾರಪೇಟೆಯ ಪಾನಿಪುರಿ ತಿಂದವರಿಗೆ ಗೊತ್ತು, ಅದರ ನೀರಿಗೆ ಬಣ್ಣವೇ ಇರುವುದಿಲ್ಲ. ಬೇರೆ ಊರುಗಳಲ್ಲಿ ಪುದೀನ, ಕೊತ್ತಂಬರಿ ಅರೆದು ಹಸಿರು ಮಾಡಿ ಕೊಡುತ್ತಾರೆ. ನಮ್ಮಲ್ಲಿ ಕುಡಿಯುವ ನೀರಿನ ಹಾಗೆ ತಿಳಿಯಾಗಿರುತ್ತದೆ. ಹೊರಗಿನಿಂದ ಬಂದ ನೆಂಟರು ‘ಇದೇನು, ಬರೀ ನೀರು’ ಎಂದು ನಗುತ್ತಾ ಬಾಯಿಗೆ ಹಾಕಿಕೊಳ್ಳುತ್ತಾರೆ. ಮರುಕ್ಷಣ ಕಣ್ಣಲ್ಲಿ ನೀರು. ಚಿಕ್ಕಂದಿನಿಂದ ಈ ತಮಾಷೆ ನೋಡಿಕೊಂಡೇ ಬೆಳೆದ ನಾನು, ನಲವತ್ತೆರಡನೇ ವಯಸ್ಸಿನಲ್ಲಿ, ತಿಳಿನೀರಿನಂಥ ಒಂದು ಈಮೇಲ್‌ಗೆ ಬಾಯಿ ತೆರೆದೆ.

ಅಪ್ಪ ಕೆಜಿಎಫ್‌ನ ಚಾಂಪಿಯನ್ ರೀಫ್ ಚಿನ್ನದ ಗಣಿಯಲ್ಲಿ ಕೆಲಸಕ್ಕಿದ್ದವರು. 2001ರ ಫೆಬ್ರವರಿ 28ರಂದು ಭಾರತ್ ಗೋಲ್ಡ್ ಮೈನ್ಸ್ ಬಾಗಿಲು ಹಾಕಿದಾಗ ನಾನು ಬಿ.ಕಾಂ. ಎರಡನೇ ವರ್ಷದಲ್ಲಿದ್ದೆ. ಊರಿನ ಮುಕ್ಕಾಲು ಪಾಲು ಹುಡುಗರಂತೆ ನಾನೂ ಸೀಸನ್ ಪಾಸ್ ಮಾಡಿಸಿಕೊಂಡು ಬೆಂಗಳೂರಿನ ರೈಲು ಹತ್ತಿದೆ. ಇಪ್ಪತ್ತು ವರ್ಷದಿಂದ ವೈಟ್‌ಫೀಲ್ಡ್ ಕಡೆಯ ಒಂದು ಸಣ್ಣ ಕಾರ್ಖಾನೆಯಲ್ಲಿ ಅಕೌಂಟ್ಸ್ ನೋಡಿಕೊಳ್ಳುತ್ತಿದ್ದೇನೆ. ಅರವತ್ತು ಜನ ಇದ್ದೇವೆ. ಪಂಪುಗಳ ಬಿಡಿಭಾಗ ತಯಾರಿಸಿ ಜರ್ಮನಿಗೆ, ಇಟಲಿಗೆ ಕಳಿಸುತ್ತೇವೆ. ಸೈಬರ್ ಕಳ್ಳತನ ಎಂದರೆ ದೊಡ್ಡ ಬ್ಯಾಂಕಿನವರ, ದೊಡ್ಡ ಐಟಿ ಕಂಪನಿಯವರ ತಲೆನೋವು ಎಂದು ತಿಳಿದಿದ್ದೆ. ನಮ್ಮ ಲೇತ್ ಮಷಿನ್ನಿನ ಮನೆಗೆ ಯಾವ ಹ್ಯಾಕರ್ ಬರುತ್ತಾನೆ?

ಬಂದ. 2023ರ ಅಕ್ಟೋಬರ್ ಕೊನೆಯ ವಾರ, ಬೆಳಗಿನ ಗಾಡಿಯಲ್ಲಿ ಬಂದ. ತ್ಯಾಕಲ್ ಇನ್ನೇನು ಬರುವುದರಲ್ಲಿತ್ತು. ಬಾಗಿಲ ಬಳಿ ಒಂದು ಕೈಯಲ್ಲಿ ಸರಳು, ಇನ್ನೊಂದರಲ್ಲಿ ಮೊಬೈಲು ಹಿಡಿದು ನಿಂತಿದ್ದೆ. ‘ನಿಮ್ಮ ಮೇಲ್‌ಬಾಕ್ಸ್ ತುಂಬಿದೆ, ಇಂದೇ ಲಾಗಿನ್ ಆಗದಿದ್ದರೆ ಹೊಸ ಮೇಲ್ ಬರುವುದಿಲ್ಲ’ ಎಂದಿತ್ತು. ಒತ್ತಿದೆ. ದಿನಾ ನೋಡುವ ಅದೇ ಪುಟ, ಅದೇ ಬಣ್ಣ. ಪಾಸ್‌ವರ್ಡ್ ಹಾಕಿದೆ. ಮೇಲ್ ತೆರೆದುಕೊಂಡಿತು. ಮಾಲೂರು ಬರುವಷ್ಟರಲ್ಲಿ ಮರೆತೂ ಬಿಟ್ಟೆ.

ಇಲ್ಲೊಂದು ಮಾತು ಬಚ್ಚಿಡಬಾರದು. ಪಾಸ್‌ವರ್ಡ್ ಒಂದೇ ಸಾಲದೆಂದು, ಮೊಬೈಲಿಗೆ ಬರುವ ಓಟಿಪಿಯನ್ನೂ ಹಾಕಿದರೆ ಮಾತ್ರ ಮೇಲ್ ತೆರೆಯುವ ವ್ಯವಸ್ಥೆಯನ್ನು ನಮ್ಮ ಕಂಪ್ಯೂಟರ್ ನೋಡಿಕೊಳ್ಳುವ ಹುಡುಗ ಎಲ್ಲರಿಗೂ ಮಾಡಿಕೊಟ್ಟಿದ್ದ. ಗಾಡಿಯಲ್ಲಿ ಸಿಗ್ನಲ್ ಸಿಗದೆ ಓಟಿಪಿ ಬಾರದು, ನನಗೆ ಕಿರಿಕಿರಿ. ‘ನನ್ನದೊಂದಕ್ಕೆ ತೆಗೆದುಬಿಡಪ್ಪ’ ಅಂದೆ. ‘ಬೇಡ ಸರ್’ ಎಂದು ಎರಡು ಸಲ ಹೇಳಿದ. ನಾನು ಸೀನಿಯರ್, ತೆಗೆಸಿಕೊಂಡೆ. ಕಳ್ಳನಿಗೆ ಬಾಗಿಲು ತೋರಿಸಿದ್ದಷ್ಟೇ ಅಲ್ಲ, ಚಿಲಕವನ್ನೂ ಮೊದಲೇ ಬಿಚ್ಚಿಟ್ಟಿದ್ದೆ.

ಅವನು ತಕ್ಷಣ ಏನೂ ಮಾಡಲಿಲ್ಲ. ಸುಮ್ಮನೆ ಕೂತು ಓದಿದ. ಯಾರಿಂದ ಎಷ್ಟು ಬಾಕಿ, ಯಾವ ಬಿಲ್ ಯಾವ ತಾರೀಖಿಗೆ, ನಾನು ಯಾರಿಗೆ ಯಾವ ಧಾಟಿಯಲ್ಲಿ ಬರೆಯುತ್ತೇನೆ, ಎಲ್ಲ. ಮೇಲ್‌ನ ಸೆಟ್ಟಿಂಗ್‌ನಲ್ಲಿ ಒಂದು ನಿಯಮ ಬರೆದಿಟ್ಟ: ಜರ್ಮನಿಯ ಒಬ್ಬ ಗಿರಾಕಿಯಿಂದ ಏನೇ ಬಂದರೂ ನನ್ನ ಇನ್‌ಬಾಕ್ಸ್‌ಗೆ ಬಾರದೆ, ಓದಿಯಾಗಿದೆ ಎಂಬ ಗುರುತಿನೊಂದಿಗೆ, ನಾನೆಂದೂ ತೆರೆಯದ ಮೂಲೆಯ ಫೋಲ್ಡರ್‌ಗೆ ಹೋಗಬೇಕು. ಆಮೇಲೆ ನನ್ನ ಹೆಸರಿನಲ್ಲೇ ಅವರ ಅಕೌಂಟ್ಸ್ ಮೇಡಂಗೆ ಬರೆದ. ‘ನಮ್ಮ ಖಾತೆಗೆ ಆಡಿಟ್ ನಡೆಯುತ್ತಿದೆ, ಈ ಸಲದ ಹಣವನ್ನು ನಮ್ಮ ಯುರೋಪಿನ ಖಾತೆಗೆ ಹಾಕಿ.’ ಜೊತೆಗೆ ನಮ್ಮದೇ ಬಿಲ್ಲು, ನಮ್ಮದೇ ಮೊಹರು; ಕೆಳಗಿನ ಖಾತೆ ಸಂಖ್ಯೆಯೊಂದೇ ಬೇರೆ. ಎರಡನೇ ಮೇಲ್‌ನಿಂದ ವಿಳಾಸವನ್ನೂ ಬದಲಿಸಿದ್ದ. ನಮ್ಮ ಕಂಪನಿಯ ಹೆಸರಿನಲ್ಲಿ ಇಂಗ್ಲಿಷಿನ ‘ಎಂ’ ಇರಬೇಕಾದ ಕಡೆ ‘ಆರ್’ ಮತ್ತು ‘ಎನ್’ ಒತ್ತಾಗಿ ಕೂತಿದ್ದವು. ಸಣ್ಣ ಅಕ್ಷರದಲ್ಲಿ ದೇವರಿಗೂ ವ್ಯತ್ಯಾಸ ಕಾಣದು.

ಆ ಮೇಡಂಗೆ ಬರೆಯುವಾಗ ಕೊನೆಯಲ್ಲಿ ಹವಾಮಾನದ ಒಂದು ಸಾಲು ಸೇರಿಸುವುದು ನನ್ನ ಅಭ್ಯಾಸ. ಅವರ ಊರಲ್ಲಿ ಹಿಮ, ನಮ್ಮ ಊರಲ್ಲಿ ಮಳೆ, ಹೀಗೆ. ಕಳ್ಳನೂ ಬರೆದಿದ್ದ: ‘ಇಲ್ಲಿ ಎರಡು ದಿನದಿಂದ ಒಳ್ಳೆ ಬಿಸಿಲು.’ ಹೋದ ಹಣಕ್ಕಿಂತ ಆ ಒಂದು ಸಾಲು ಇವತ್ತಿಗೂ ಮೈ ಜುಮ್ಮೆನಿಸುತ್ತದೆ.

ನವೆಂಬರ್‌ನ ಒಂದು ಮಂಗಳವಾರ ಅವರು 42,000 ಯೂರೊ ಕಳಿಸಿದರು. ನಮ್ಮ ಲೆಕ್ಕದಲ್ಲಿ 38 ಲಕ್ಷ ರೂಪಾಯಿಗೆ ಹತ್ತಿರ. ಶುಕ್ರವಾರ ಸಂಜೆ, ಬಾಕಿಯ ಪಟ್ಟಿ ನೋಡುತ್ತಾ ನಾನೇ ಫೋನ್ ಮಾಡಿದೆ. ‘ಮಂಗಳವಾರವೇ ಕಳಿಸಿದೆವಲ್ಲ, ನೀವು ಕೊಟ್ಟ ಹೊಸ ಖಾತೆಗೆ’ ಅಂದರು. ನನ್ನ ನಾಲಗೆ ಅಂಗಳಕ್ಕೆ ಅಂಟಿಕೊಂಡಿತು. ಅಂತೂ ‘ಸರಿ, ನೋಡುತ್ತೇನೆ’ ಎಂದಷ್ಟೇ ಹೇಳಿ ಫೋನಿಟ್ಟೆ. ಹುಡುಕಿದಾಗ ಮೂಲೆಯ ಫೋಲ್ಡರ್ ಸಿಕ್ಕಿತು. ಹನ್ನೊಂದು ಮೇಲ್‌ಗಳಿದ್ದವು. ಗೋಡೆಯ ಗಡಿಯಾರದಲ್ಲಿ ನಾಲ್ಕೂವರೆ. ಜರ್ಮನಿಯಲ್ಲಿ ಆಗಷ್ಟೇ ಮಧ್ಯಾಹ್ನ ಹನ್ನೆರಡು. ಅಲ್ಲಿನ ಬ್ಯಾಂಕು ತೆರೆದೇ ಇತ್ತು.

ಇಷ್ಟರವರೆಗೆ ನಡೆದದ್ದು ಮೋಸ. ಯಾರಿಗಾದರೂ ಆಗಬಹುದಾಗಿತ್ತು. ಇಲ್ಲಿಂದ ಮುಂದಿನದು ನನ್ನ ತಪ್ಪು.

ನಾನು ಯಾರಿಗೂ ಹೇಳಲಿಲ್ಲ. ಮಾಲೀಕರು ನೆಂಟರ ಮದುವೆಗೆಂದು ಹೊರಟಿದ್ದರು. ಮದುವೆ ಮನೆಯಲ್ಲಿ ಅವರ ತಲೆ ಕೆಡಿಸುವುದೇಕೆ, ಸೋಮವಾರ ಸಮಾಧಾನವಾಗಿ ಹೇಳಿದರಾಯಿತು ಎಂದು ನನಗೆ ನಾನೇ ಸಬೂಬು ಹೇಳಿಕೊಂಡೆ. ನಿಜ ಹೇಳಬೇಕೆಂದರೆ ಮರ್ಯಾದೆ. ಇಪ್ಪತ್ತು ವರ್ಷ ಒಂದು ರೂಪಾಯಿ ಲೆಕ್ಕ ತಪ್ಪಿಸಿದವನಲ್ಲ ಎಂಬ ಹೆಸರು. ಎರಡು ದಿನ ಸಿಕ್ಕರೆ ಹೇಗಾದರೂ ಸರಿಪಡಿಸಬಹುದೇನೋ ಎಂಬ ಹುಚ್ಚು ಆಸೆ ಬೇರೆ.

ಕಳ್ಳರು ನೆಚ್ಚಿಕೊಂಡಿರುವುದು ಇಂಥ ಎರಡು ದಿನಗಳನ್ನೇ. 2016ರ ಫೆಬ್ರವರಿಯಲ್ಲಿ ಬಾಂಗ್ಲಾದೇಶದ ಕೇಂದ್ರ ಬ್ಯಾಂಕಿನ ನ್ಯೂಯಾರ್ಕ್ ಖಾತೆಯಿಂದ 8.1 ಕೋಟಿ ಡಾಲರ್ ಫಿಲಿಪ್ಪೀನ್ಸಿಗೆ ಹಾರಿದ್ದು ಗುರುವಾರ ರಾತ್ರಿ ಶುರುವಾದ ಕೆಲಸ. ಶುಕ್ರವಾರ ಢಾಕಾದಲ್ಲಿ ವಾರದ ರಜೆ, ಶನಿವಾರ-ಭಾನುವಾರ ನ್ಯೂಯಾರ್ಕಿನಲ್ಲಿ ರಜೆ, ಸೋಮವಾರ ಮನಿಲಾದಲ್ಲಿ ಚೀನೀ ಹೊಸವರ್ಷದ ರಜೆ. 2018ರಲ್ಲಿ ಪುಣೆಯ ಕಾಸ್ಮೋಸ್ ಬ್ಯಾಂಕಿನಿಂದ 94 ಕೋಟಿ ರೂಪಾಯಿ ಹೋಗಲು ಶುರುವಾದದ್ದೂ ಒಂದು ಶನಿವಾರ, ಆಗಸ್ಟ್ 11ರಂದು. ಅವರೆಲ್ಲ ಕ್ಯಾಲೆಂಡರ್ ನೋಡಿ ರಜೆ ಹೊಂಚಿದರು. ನನ್ನ ಕಳ್ಳನಿಗೆ ಆ ಶ್ರಮವೂ ಬೇಕಾಗಲಿಲ್ಲ. ರಜೆಯನ್ನು ನಾನೇ ಮಂಜೂರು ಮಾಡಿದ್ದೆ.

ಶನಿವಾರ, ಭಾನುವಾರ ಮನೆಯಲ್ಲಿ ಹೆಣದಂತೆ ಓಡಾಡಿದೆ. ಭಾನುವಾರ ರಾತ್ರಿ ಅಪ್ಪ ಜಗುಲಿಗೆ ಕರೆದರು.

‘ಏನೋ, ಎರಡು ದಿನದಿಂದ ಮುದ್ದೆ ಮುರೀತೀಯ, ತಿನ್ನಲ್ಲ. ಏನಾಯ್ತು?’

ಹೇಳಿದೆ. ಈಮೇಲು, ಯೂರೊ ಅವರಿಗೆಷ್ಟು ಅರ್ಥವಾಯಿತೋ. ಹೇಳದೆ ಬಂದೆ ಎಂಬುದು ಮಾತ್ರ ಸರಿಯಾಗಿ ಅರ್ಥವಾಯಿತು.

‘ಕೆಳಗಡೆ ಕಲ್ಲು ಚಟ್ ಅಂದ್ರೆ ಮೊದಲು ಕೂಗಬೇಕು ಕಣೋ. ನಿನ್ನ ತಪ್ಪೋ ನನ್ನ ತಪ್ಪೋ, ಅದು ಮೇಲೆ ಬಂದಮೇಲೆ. ಕೂಗದೆ ಇದ್ದೋನ ಜೊತೆ ಆಮೇಲೆ ಯಾರೂ ಇಳೀತಿರಲಿಲ್ಲ.’

ಚಾಂಪಿಯನ್ ರೀಫ್‌ನ ಆಳ ಮೂರು ಕಿಲೋಮೀಟರಿಗೂ ಹೆಚ್ಚು. ಅಷ್ಟು ಆಳದಲ್ಲಿ ಬಂಡೆ ಸಿಡಿದರೆ ಮೇಲೆ ಕಾರ್ಮಿಕರ ಲೈನ್ ಮನೆಗಳ ಪಾತ್ರೆ ಪಗಡೆ ಅದುರುತ್ತಿದ್ದವು. ಆ ಕತ್ತಲಲ್ಲಿ ದುಡಿದವರಿಗೆ ನಾಚಿಕೆಗೆ ಸಮಯ ಇರಲಿಲ್ಲ.

ಸೋಮವಾರ ಬೆಳಿಗ್ಗೆ ಒಂಬತ್ತಕ್ಕೆ ಮಾಲೀಕರ ಮುಂದೆ ನಿಂತೆ. ಬೈಯುತ್ತಾರೆಂದುಕೊಂಡಿದ್ದೆ. ಪೂರ್ತಿ ಕೇಳಿಸಿಕೊಂಡು ಒಂದೇ ಪ್ರಶ್ನೆ ಕೇಳಿದರು: ‘ಶುಕ್ರವಾರ ಯಾಕೆ ಹೇಳಲಿಲ್ಲ ನೀವು?’ ಉತ್ತರ ಇರಲಿಲ್ಲ. ಅಂದೇ ಗಿರಾಕಿಗೆ ತಿಳಿಸಿದೆವು, ಅವರು ತಮ್ಮ ಬ್ಯಾಂಕಿಗೆ, ಪೊಲೀಸರಿಗೆ ತಿಳಿಸಿದರು. ನಾವು ಸೈಬರ್ ಸಹಾಯವಾಣಿಗೆ ಕರೆ ಮಾಡಿ, ಪೋರ್ಟಲ್‌ನಲ್ಲಿ ದೂರು ಹಾಕಿ, ಸೈಬರ್ ಅಪರಾಧ ನೋಡಿಕೊಳ್ಳುವ ಸೆನ್ ಠಾಣೆಗೆ ಹೋದೆವು. ಕೆಲವು ವಾರಗಳ ನಂತರ ಜರ್ಮನಿಯಿಂದ ಉತ್ತರ ಬಂತು: ಹಣದ ಒಂದು ದೊಡ್ಡ ಪಾಲು ಶುಕ್ರವಾರ ಸಂಜೆಯವರೆಗೂ ಆ ಖಾತೆಯಲ್ಲೇ ಇತ್ತು. ಖಾಲಿಯಾದದ್ದು ಶನಿವಾರ.

ನಷ್ಟವನ್ನು ಗಿರಾಕಿ ಮತ್ತು ನಮ್ಮ ಕಂಪನಿ ಅರ್ಧರ್ಧ ಹಂಚಿಕೊಂಡೆವು. ಗಿರಾಕಿ ಬಿಟ್ಟು ಹೋಗಲಿಲ್ಲ, ಆದರೆ ಮುಂದಿನ ವರ್ಷದ ಆರ್ಡರು ಮೂರರಲ್ಲಿ ಒಂದು ಭಾಗ ಕಡಿಮೆಯಾಯಿತು. ಆ ಮೇಡಂ ಈಗ ನನಗೆ ಹವಾಮಾನದ ಸಾಲು ಬರೆಯುವುದಿಲ್ಲ. ನಾನೂ ಬರೆಯುವುದಿಲ್ಲ.

ಠಾಣೆಯಿಂದ ಬರುವಾಗ ಗೋಡೆಯ ಮೇಲೆ ಸಹಾಯವಾಣಿಯ ಸಂಖ್ಯೆ ದೊಡ್ಡದಾಗಿ ಕಂಡಿತು: 1930. ನಮ್ಮ ಮನೆಯಲ್ಲಿ ಆ ಅಂಕಿಗೆ ಬೇರೆ ಅರ್ಥವಿದೆ. 1930ರಲ್ಲಿ ಕೆಜಿಎಫ್‌ನ ಗಣಿ ಕಾರ್ಮಿಕರು ಬೆರಳಚ್ಚು ಕೊಡುವುದಿಲ್ಲವೆಂದು ಸುಮಾರು ಮೂರು ವಾರ ಮುಷ್ಕರ ಹೂಡಿದ್ದರು. ನಮ್ಮ ತಾತ ಅದರಲ್ಲಿದ್ದರು. ತನ್ನ ಬೆರಳ ಗುರುತು ಯಾರ ಕೈಗೆ ಹೋಗುತ್ತದೆ ಎಂದು ತಾತ ಅಷ್ಟು ಯೋಚಿಸಿದ್ದರು. ಮೊಮ್ಮಗ ರೈಲಿನ ಬಾಗಿಲಲ್ಲಿ ನಿಂತು ಕಂಪನಿಯ ಕೀಲಿಕೈಯನ್ನೇ ಕೊಟ್ಟಿದ್ದ. ಇನ್ನೊಂದು ಸಂಗತಿ ಆಮೇಲೆ ತಿಳಿಯಿತು. ದೇಶದ ಮೊದಲ ಸೈಬರ್ ಅಪರಾಧ ಪೊಲೀಸ್ ಠಾಣೆ ಶುರುವಾದದ್ದು ಬೆಂಗಳೂರಿನಲ್ಲೇ, 2001ರಲ್ಲಿ. ನಮ್ಮ ಗಣಿ ಮುಚ್ಚಿದ ವರ್ಷ. ಕಳ್ಳತನ ಬೇರೆ ದಾರಿ ಹಿಡಿಯುತ್ತಿದೆ ಎಂದು ಪೊಲೀಸರಿಗೆ ಅಂದೇ ಗೊತ್ತಿತ್ತು, ನನಗೆ ತಿಳಿಯಲು ಇಪ್ಪತ್ತೆರಡು ವರ್ಷ ಹಿಡಿಯಿತು.

ನಾನೊಬ್ಬನೇ ಅಲ್ಲ ಎಂಬ ಸಮಾಧಾನಕ್ಕೆ ಅಂಕಿ ಹುಡುಕಿದೆ. ವ್ಯವಹಾರದ ಈಮೇಲ್ ಮೋಸದಿಂದ 2023ರಲ್ಲಿ ಹೋದ ಹಣವೆಂದು ಅಮೆರಿಕದ ಎಫ್‌ಬಿಐಗೆ ಬಂದ ದೂರುಗಳ ಮೊತ್ತವೇ 290 ಕೋಟಿ ಡಾಲರ್ ಮುಟ್ಟಿತ್ತು. 2019ರಲ್ಲಿ ಟೊಯೊಟಾ ಬೊಶೊಕುವಿನ ಯುರೋಪಿನ ಶಾಖೆ ಇಂಥದೇ ಸುಳ್ಳು ಪಾವತಿ ಸೂಚನೆ ನಂಬಿ ಸುಮಾರು 3.7 ಕೋಟಿ ಡಾಲರ್ ಕಳೆದುಕೊಂಡಿತು. ಇವೆಲ್ಲ ಓದಿ ಸಮಾಧಾನವೇನೂ ಆಗಲಿಲ್ಲ. ಒಂದು ಮಾತ್ರ ಹೊಳೆಯಿತು. ಇಲ್ಲೆಲ್ಲ ಮುರಿದದ್ದು ಯಂತ್ರದ ಬೀಗವಲ್ಲ. ಯಾರೋ ಒಬ್ಬ ಅಕೌಂಟೆಂಟ್ ಅವಸರದಲ್ಲಿದ್ದ, ಅಥವಾ ಕೇಳಲು ಸಂಕೋಚಪಟ್ಟಿದ್ದ.

ಈಗ ನಮ್ಮಲ್ಲಿ ನಾಲ್ಕು ಕಟ್ಟುಪಾಡು. ಓಟಿಪಿ ಯಾರಿಗೂ ವಿನಾಯಿತಿ ಇಲ್ಲ, ಮಾಲೀಕರಿಗೂ. ಪ್ರತಿ ಸೋಮವಾರ ಮೇಲ್‌ನ ಸೆಟ್ಟಿಂಗ್ ತೆರೆದು ನಾವು ಬರೆಯದ ನಿಯಮ ಯಾವುದಾದರೂ ಇದೆಯೇ ಎಂದು ನೋಡುತ್ತೇವೆ. ಖಾತೆ ಸಂಖ್ಯೆ ಬದಲಾಗಿದೆ ಎಂದು ಯಾರೇ ಬರೆದರೂ ಫೋನ್ ಮಾಡಿ ಕೇಳಬೇಕು. ಆ ಮೇಲ್‌ನಲ್ಲಿರುವ ಸಂಖ್ಯೆಗಲ್ಲ, ಹಳೆಯ ಕಡತದಲ್ಲಿರುವ ಸಂಖ್ಯೆಗೆ. ಗಿರಾಕಿಗಳಿಗೂ ಇದೇ ಮಾತು ಬರೆದು ಕೊಟ್ಟಿದ್ದೇವೆ. ಇದನ್ನು ಅಪ್ಪನಿಗೆ ವಿವರಿಸಿದಾಗ ನಕ್ಕರು. ‘ಇದೇನು ಹೊಸದು? ಕೆಳಗಿಂದ ಗಂಟೆ ಹೊಡೆದರೆ ಮೇಲಿಂದ ಅದೇ ಗಂಟೆ ವಾಪಸ್ ಬರಬೇಕು. ಬರದೆ ನಮ್ಮನ್ನ ಹತ್ತಿಸೋ ಕೇಜು ಅಲುಗಾಡ್ತಾ ಇರಲಿಲ್ಲ.’

ನಾಲ್ಕನೆಯದು ಬರೆದಿಟ್ಟ ಕಟ್ಟುಪಾಡಲ್ಲ. ತಪ್ಪು ಮಾಡಿ ಹೇಳಲು ಬಂದವರನ್ನು ಆ ಹೊತ್ತಿನಲ್ಲಿ ಯಾರೂ ಬೈಯಬಾರದು. ಕಳೆದ ವರ್ಷ ಹೊಸದಾಗಿ ಸೇರಿದ ಹುಡುಗಿ ಬಿಳಿಚಿಕೊಂಡು ನನ್ನ ಮೇಜಿನ ಬಳಿ ಬಂದಳು. ‘ಸರ್, ಒಂದು ಲಿಂಕ್ ಒತ್ತಿಬಿಟ್ಟೆ, ಪಾಸ್‌ವರ್ಡೂ ಹಾಕಿಬಿಟ್ಟೆ.’ ಎಷ್ಟು ಹೊತ್ತಾಯಿತು ಎಂದೆ. ‘ಹತ್ತು ನಿಮಿಷ ಆಗಿರಬಹುದು ಸರ್.’ ಪಾಸ್‌ವರ್ಡ್ ಬದಲಿಸಿ, ಎಲ್ಲ ಕಡೆಯಿಂದ ಲಾಗೌಟ್ ಮಾಡಿ, ಸೆಟ್ಟಿಂಗ್ ನೋಡಿ ಮುಗಿಸುವಷ್ಟರಲ್ಲಿ ಟೀ ಬಂತು. ಏನೂ ಹೋಗಿರಲಿಲ್ಲ. ಅವಳ ಕೈ ಇನ್ನೂ ನಡುಗುತ್ತಿತ್ತು. ನನ್ನ ಕಥೆಯನ್ನು ಅವಳಿಗೆ ಅವತ್ತು ಹೇಳಿದೆ, ಶನಿವಾರ-ಭಾನುವಾರದ್ದೂ ಸೇರಿಸಿ.

ಈಗಲೂ ಅದೇ ಗಾಡಿ, ಅದೇ ಬಾಗಿಲು. ತ್ಯಾಕಲ್ ದಾಟಿದ ಮೇಲೆ ಈಗಲೂ ಸಿಗ್ನಲ್ ಹೋಗುತ್ತದೆ, ಓಟಿಪಿ ಬರುವುದಿಲ್ಲ. ಮೊಬೈಲು ಜೇಬಿಗಿಟ್ಟು ಮಾಲೂರು ಬರಲಿ ಎಂದು ಕಾಯುತ್ತೇನೆ.