ಬೂಟಿನ ಮೇಲಿನ ಉಪ್ಪು

ಬೆಳಿಗ್ಗೆ ಬಾಗಿಲ ಬಳಿ ಬೂಟು ಕೈಗೆತ್ತಿಕೊಂಡರೆ ಅದರ ಸುತ್ತ ಬಿಳಿ ಗೆರೆ ಕೂತಿತ್ತು. ಟೊರೊಂಟೊದ ರಸ್ತೆಗಳಲ್ಲಿ ಹಿಮ ಕರಗಲೆಂದು ಸುರಿಯುವ ಉಪ್ಪು. ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಹೋಗುತ್ತದೆ, ಒಣಗಿದ ಮೇಲೆ ಮತ್ತೆ ಮೂಡುತ್ತದೆ. ಬೇರೆ ದಿನವಾಗಿದ್ದರೆ ಸುಮ್ಮನೆ ಮೆಟ್ಟಿಕೊಂಡು ಹೊರಡುತ್ತಿದ್ದೆ. ಇವತ್ತು ಮಾತ್ರ ಆ ಗೆರೆ ನೋಡಿ ಎದೆ ಉರಿಯಿತು. ಐದು ನಿಮಿಷದ ಹಿಂದಷ್ಟೇ ನಾನು ಕೆಲಸಕ್ಕೆ ಅರ್ಜಿ ಹಾಕಿದ್ದ ಕಂಪನಿಯವರೊಬ್ಬರು ಫೋನಿನಲ್ಲಿ ಬಹಳ ಮೆತ್ತಗೆ ಹೇಳಿದ್ದರು: "ನಿಮ್ಮದು ಒಳ್ಳೆಯ ಅನುಭವವೇ. ಆದರೆ ಇಲ್ಲಿಯದಲ್ಲವಲ್ಲ."

ಕಾನೂನಿನ ಮಾತು ಬೇಗ ಮುಗಿಸುತ್ತೇನೆ. 'ಕೆನಡಾದ ಅನುಭವ ಬೇಕು' ಎನ್ನುವುದು ಮೇಲ್ನೋಟಕ್ಕೇ ತಾರತಮ್ಯವೆಂದು ಒಂಟಾರಿಯೊದ ಮಾನವ ಹಕ್ಕುಗಳ ಆಯೋಗ 2013ರಲ್ಲೇ ಹೇಳಿತು. ಎಂಜಿನಿಯರ್ ಪರವಾನಗಿಗೆ ಬೇಕಿದ್ದ ಒಂದು ವರ್ಷದ ಕೆನಡಾ ಅನುಭವದ ಷರತ್ತು 2023ರಲ್ಲಿ ಹೋಯಿತು. 2026ರ ಜನವರಿಯಿಂದ, 25 ಅಥವಾ ಹೆಚ್ಚು ನೌಕರರಿರುವ ಸಂಸ್ಥೆಗಳು ಉದ್ಯೋಗದ ಜಾಹೀರಾತಿನಲ್ಲಿ ಆ ಷರತ್ತು ಹಾಕುವಂತಿಲ್ಲ. ಇದಕ್ಕಾಗಿ ಹೋರಾಡಿದವರಿಗೆ ನಾನು ಋಣಿ. ಆದರೆ ಜಾಹೀರಾತಿನಿಂದ ಹೋದ ಮಾತು ಈಗ ಫೋನಿನಲ್ಲಿ ಬರುತ್ತಿದೆ.

ನನ್ನ ತಕರಾರು ಉಪ್ಪಿನದು. ನಾನು ಉತ್ತರ ಕನ್ನಡದವನು, ಹತ್ತೊಂಬತ್ತು ವರ್ಷ ಕರಾವಳಿಯ ಸೇತುವೆಗಳ ದುರಸ್ತಿಯಲ್ಲೇ ಕಳೆದವನು. ಕಡಲ ಗಾಳಿಯ ಉಪ್ಪು ಕಾಂಕ್ರೀಟಿನೊಳಗೆ ನಿಧಾನವಾಗಿ ಇಳಿಯುತ್ತದೆ. ಕಾಂಕ್ರೀಟಿನ ಕ್ಷಾರಗುಣದಿಂದ ಒಳಗಿನ ಉಕ್ಕಿನ ಕಂಬಿಯ ಮೈಮೇಲೆ ಒಂದು ತೆಳು ಪೊರೆ ಕಟ್ಟಿರುತ್ತದೆ. ಉಪ್ಪಿನ ಕ್ಲೋರೈಡ್ ಅದನ್ನು ಒಡೆಯುತ್ತದೆ. ಆಮೇಲೆ ಕಂಬಿ ತುಕ್ಕು ಹಿಡಿದು ಉಬ್ಬಿ, ಮೇಲಿನ ಕಾಂಕ್ರೀಟು ಬಿರಿದು ಚಕ್ಕೆ ಚಕ್ಕೆಯಾಗಿ ಬೀಳುತ್ತದೆ. ಇಲ್ಲಿ ಸರೋವರದ ಬದಿಗೆ ಕಂಬಗಳ ಮೇಲೆ ಹೋಗುವ ಗಾರ್ಡಿನರ್ ಹೆದ್ದಾರಿ ಇದೆ, 1955ರಿಂದ 1966ರವರೆಗೆ ಕಟ್ಟಿದ್ದು. ಮೊದಲ ಸಲ ಅದರ ಅಡಿಯಲ್ಲಿ ನಿಂತು ಕತ್ತೆತ್ತಿದಾಗ ಪರವೂರಿನ ಜಾತ್ರೆಯಲ್ಲಿ ನಮ್ಮೂರವರನ್ನು ಕಂಡ ಹಾಗಾಯಿತು. ಅದೇ ಕಂದು ಕಲೆ. ಕಂಬಿಯ ಜಾಡು ಹಿಡಿದು ಹೋದ ಅದೇ ಬಿರುಕು. ಅಲ್ಲಿ ಉಪ್ಪು ಕಡಲಿನಿಂದ ಬರುತ್ತದೆ, ಇಲ್ಲಿ ಲಾರಿಯಿಂದ. ನೀರು ಹೆಪ್ಪುಗಟ್ಟಿ ಕಾಂಕ್ರೀಟನ್ನು ಸೀಳುವುದು ನನಗೆ ಹೊಸತು, ಒಪ್ಪುತ್ತೇನೆ. ಅದನ್ನು ತಡೆಯಲು ಕಾಂಕ್ರೀಟಿನಲ್ಲಿ ಸೂಕ್ಷ್ಮ ಗಾಳಿಗುಳ್ಳೆ ಉಳಿಸುವ ಕ್ರಮವನ್ನು ಓದಿಕೊಂಡಿದ್ದೇನೆ, ಇಲ್ಲಿನವರ ಜೊತೆ ನಿಂತು ಕಲಿಯುವ ಆಸೆಯೂ ಇದೆ. ಉಪ್ಪನ್ನು ಮಾತ್ರ ಯಾರೂ ನನಗೆ ಪರಿಚಯ ಮಾಡಿಕೊಡಬೇಕಾಗಿಲ್ಲ.

ಈ ವಿದ್ಯೆ ನನಗೆ ಬಂದದ್ದು ಅಂಕೋಲೆ ಕಡೆಯ ಒಬ್ಬ ಮೇಸ್ತ್ರಿಯಿಂದ. ಸುತ್ತಿಗೆಯಿಂದ ಮೆಲ್ಲಗೆ ಬಡಿದು, ಬಾಯಿ ಬಿಗಿಹಿಡಿದು ಕಿವಿಗೊಡುತ್ತಿದ್ದರು. ಗಟ್ಟಿ ಇದ್ದಲ್ಲಿ ಠಣ್ ಅನ್ನುತ್ತಿತ್ತು, ಒಳಗೆ ಪದರ ಬಿಟ್ಟಲ್ಲಿ ಡಬ್. "ಕೇಳಿದ್ರಾ ಸಾಹೇಬ್ರೆ, ಇಲ್ಲಿ ಟೊಳ್ಳು" ಎಂದು ಸೀಮೆಸುಣ್ಣದಲ್ಲಿ ಗುರುತು ಹಾಕುತ್ತಿದ್ದರು. ಟೊರೊಂಟೊದಲ್ಲೂ ಹಾಗೆಯೇ ಬಡಿದು ನೋಡುತ್ತಾರೆ, ಸೇತುವೆಯ ಮೇಲೆ ಸರಪಳಿ ಎಳೆದು ಸದ್ದು ಆಲಿಸುತ್ತಾರೆ. ಫೋನು ಮಾಡಿದವರು ನನ್ನನ್ನು ಒಮ್ಮೆ ಯಾವುದಾದರೂ ಸೇತುವೆಯ ಅಡಿಗೆ ಕರೆದುಕೊಂಡು ಹೋಗಿ ಕೈಗೊಂದು ಸುತ್ತಿಗೆ ಕೊಡಲಿ. ಅಂಥ ಸಂದರ್ಶನಕ್ಕೆ ನಸುಕಿನ ನಾಲ್ಕಕ್ಕೆ ಕರೆದರೂ ಬರುತ್ತೇನೆ.

ಆ ದಿನಗಳಲ್ಲಿ ಮಧ್ಯಾಹ್ನ ಅದೇ ಮೇಸ್ತ್ರಿ ಗಂಜಿಗೆ ನಮ್ಮ ಜಿಲ್ಲೆಯ ಸಾಣಿಕಟ್ಟಾದ ಕಲ್ಲುಪ್ಪು ಹಾಕಿಕೊಳ್ಳುತ್ತಾ ತಮ್ಮ ಅಜ್ಜ ಹೇಳಿದ ಕತೆ ಹೇಳುತ್ತಿದ್ದರು: 1930ರ ಏಪ್ರಿಲ್ಲಿನಲ್ಲಿ ಅಂಕೋಲೆಯಲ್ಲಿ ಉಪ್ಪಿನ ಸತ್ಯಾಗ್ರಹಕ್ಕೆ ಸೇರಿದ ಜನ, ಕಡಲ ನೀರಿನಿಂದ ತಾವೇ ಮಾಡಿದ ಉಪ್ಪು. ಕಣ್ಣೆದುರಿನ ಕಡಲಿನ ಉಪ್ಪನ್ನು ಮುಟ್ಟಲು ಸರಕಾರದ ಅಪ್ಪಣೆ ಬೇಕಿದ್ದ ಕಾಲ ಅದು. ಕೇಳುತ್ತಾ ಕೂತರೆ ಊಟದ ಬಿಡುವು ಮುಗಿದದ್ದೇ ತಿಳಿಯುತ್ತಿರಲಿಲ್ಲ.

ಈಗ ಮಾರ್ಚ್. ಸಾಣಿಕಟ್ಟಾದ ಉಪ್ಪಿನ ಆಗರಗಳಲ್ಲಿ ಬಿಸಿಲು ಏರಿ, ನೀರು ಆರಿ, ಬದುಗಳ ಮೇಲೆ ಬಿಳಿ ಗುಡ್ಡೆ ಏಳುತ್ತಿರಬೇಕು. ಇಲ್ಲಿ ಕಿಟಕಿಯಾಚೆ ಮತ್ತೆ ಹಿಮ ಶುರುವಾಗಿದೆ, ಉಪ್ಪಿನ ಲಾರಿ ತಿರುವಿನಲ್ಲಿ ನಿಧಾನಕ್ಕೆ ಬರುತ್ತಿದೆ.