ಮೂಡಲು ಮೇಲೋ, ಪಡುವಲು ಮೇಲೋ?

ಶರತ್ಕಾಲದ ಶುಕ್ರವಾರ ರಾತ್ರಿ ಅಮೆರಿಕಾದ ಟೆಕ್ಸಾಸ್ ಸಂಸ್ಥಾನದಲ್ಲಿ ಸಂಚರಿಸುವವನಿಗೆ ಊರೂರಿನಲ್ಲಿಯೂ ಆಟದ ಬಯಲಿನ ದೀಪಗಳು ಕಾಣುವುವು. ಹಳೆಯದೊಂದು ವಾದವೂ ಕಿವಿಗೆ ಬೀಳುವುದು. ಹೈಸ್ಕೂಲು ಹುಡುಗರ ಫುಟ್‌ಬಾಲಿನಲ್ಲಿ ಯಾವ ಸೀಮೆ ಮೇಲು? ಇದು ನಮ್ಮ ಕಾಲ್ಚೆಂಡಾಟವಲ್ಲ. ಮೊಟ್ಟೆಯಾಕಾರದ ಚೆಂಡನ್ನು ಎದೆಗವಚಿಕೊಂಡು ಎದುರಾಳಿಗಳ ನಡುವೆ ನುಗ್ಗುವ ಆಟ.

ಪಡುವಣ ಬಯಲಿನವರು ಆಬಿಲೀನ್ ಶಾಲೆಯನ್ನು ಹೆಸರಿಸುವರು. ಅದು ೧೯೫೪ರಿಂದ ೧೯೫೭ರವರೆಗೆ ಸತತವಾಗಿ ೪೯ ಪಂದ್ಯಗಳನ್ನು ಗೆದ್ದಿತು. ಎಣ್ಣೆಬಾವಿಗಳ ಒಡೆಸ್ಸಾ ಊರಿನ ಪರ್ಮಿಯನ್ ಶಾಲೆಯದೂ ಅಂತಹದೇ ಕೀರ್ತಿ. ಮೂಡಣ ಪೈನ್ ಕಾಡಿನವರು ಸುಮ್ಮನಿರುವರೇ? ೧೯೭೩ರಲ್ಲಿ ಟೈಲರ್ ಊರಿನ ಶಾಲೆಗೆ ಪ್ರಶಸ್ತಿ ತಂದ ಅರ್ಲ್ ಕ್ಯಾಂಪ್‌ಬೆಲ್ಲನನ್ನು ಮುಂದಿಡುವರು. ೧೯೮೪ರ ಅಂತಿಮ ಪಂದ್ಯದಲ್ಲಿ ಪರ್ಮಿಯನ್ ಶಾಲೆಯೂ ಆಗ್ನೇಯದ ಬ್ಯೂಮಾಂಟಿನ ಶಾಲೆಯೂ ಸಮವಾಗಿ ನಿಂತು ಪ್ರಶಸ್ತಿಯನ್ನು ಹಂಚಿಕೊಂಡುವು. ವಾದವು ಮಾತ್ರ ತೀರಲಿಲ್ಲ.

ಈ ಶತಮಾನದಲ್ಲಿ ದೊಡ್ಡ ಶಾಲೆಗಳ ಪ್ರಶಸ್ತಿಯು ಹೆಚ್ಚಾಗಿ ಡಲ್ಲಾಸ್, ಹ್ಯೂಸ್ಟನ್, ಆಸ್ಟಿನ್ ನಗರಗಳ ಹೊರವಲಯಕ್ಕೆ ಸಂದಿದೆ. ಬಯಲಿನ ಹುಡುಗರ ಕಸುವು ಕುಂದಿತೆನ್ನಬಹುದೇ? ಜನ ನೆರೆದಲ್ಲಿ ಆರಿಸಿಕೊಳ್ಳಲು ಹುಡುಗರು ಹೆಚ್ಚು, ಬೊಕ್ಕಸವೂ ದೊಡ್ಡದು. ಡಲ್ಲಾಸಿನ ಬಳಿಯ ಆಲೆನ್ ಊರಿನವರು ಸುಮಾರು ಆರು ಕೋಟಿ ಡಾಲರು ವೆಚ್ಚಮಾಡಿ, ೧೮,೦೦೦ ಜನರು ಕೂರುವ ಕ್ರೀಡಾಂಗಣವನ್ನು ೨೦೧೨ರಲ್ಲಿ ತೆರೆದರು. ಕಾಂಕ್ರೀಟು ಬಿರುಕುಬಿಟ್ಟುದರಿಂದ ೨೦೧೪ರಲ್ಲಿ ಅದನ್ನು ಮುಚ್ಚಿ, ದುರಸ್ತಿಯಾದ ಮೇಲೆ ಮರುವರ್ಷ ತೆರೆಯಬೇಕಾಯಿತು.

ಸೀಮೆಯ ಅಭಿಮಾನವು ತಪ್ಪೇನೂ ಅಲ್ಲ. ಆದರೆ ಸೋತು ಮನೆಗೆ ಬಂದ ಹದಿನೇಳರ ಹುಡುಗನ ಹೆಗಲ ಮೇಲೆ ಇಡೀ ಸೀಮೆಯ ಮಾನವನ್ನು ಹೊರಿಸಬಾರದೆಂದು ಹಿರಿಯರು ನೆನೆದರೆ, ಈ ವಾದವು ಎಷ್ಟು ಕಾಲ ನಡೆದರೂ ಕೇಡಿಲ್ಲ.