ಯಾರ ಪರ ವಕೀಲರು?

ಎಚ್-1ಬಿ ಎಂಬ ನೌಕರಿ ವೀಸಾದ ಮೇಲೆ ಅಮೆರಿಕಕ್ಕೆ ಬಂದವರಿಗೆ ವಕೀಲರನ್ನು ಹುಡುಕುವ ಕೆಲಸ ಸಾಮಾನ್ಯವಾಗಿ ಬೀಳುವುದಿಲ್ಲ. ಅರ್ಜಿ ಹಾಕುವುದು ಕಂಪನಿ, ವಕೀಲರನ್ನು ಗೊತ್ತು ಮಾಡುವುದೂ ಕಂಪನಿ. ಕೇಳಿದ ಕಾಗದ ಸ್ಕ್ಯಾನ್ ಮಾಡಿ ಕಳಿಸಿ, ತೋರಿಸಿದ ಜಾಗದಲ್ಲಿ ಸಹಿ ಹಾಕಿದರೆ ನಮ್ಮ ಪಾಲಿನ ಕೆಲಸ ಮುಗಿಯಿತು. ಗ್ರೀನ್ ಕಾರ್ಡಿನಲ್ಲಿ ಒಂದೊಂದು ದೇಶಕ್ಕೆ ಶೇ. 7ರ ಮಿತಿ ಇರುವುದರಿಂದ ಭಾರತೀಯರ ಸರದಿ ವರ್ಷಗಟ್ಟಲೆ ಉದ್ದ. ಸರದಿ ಬರುವ ತನಕ ಇದೇ ನವೀಕರಣ, ಇದೇ ಸಹಿ. ಹೀಗೆ ನಡೆಯುತ್ತಾ ಹೋದಾಗ ಆ ವಕೀಲರು ನಮ್ಮವರು, ಮನೆಯವರೆಲ್ಲರ ಕಾಗದಪತ್ರದ ಮೇಲೂ ಅವರ ಕಣ್ಣಿರುತ್ತದೆ ಎಂಬ ಭರವಸೆ ಬೆಳೆದುಬಿಡುತ್ತದೆ. ಕ್ಯಾಲಿಫೋರ್ನಿಯಾದಲ್ಲಿ ಸಂಸಾರ ಹೂಡಿದ ನನ್ನಲ್ಲೂ ಅದು ಬೆಳೆದಿತ್ತು. ಅದರ ದಂಡ ಕಟ್ಟಿದವಳು ನನ್ನ ಹೆಂಡತಿ.

ನನ್ನ ಎಚ್-1ಬಿ ನವೀಕರಣಕ್ಕೆ ಬಂದಿತ್ತು. ವಕೀಲರ ಕಚೇರಿಯ ಇಮೇಲಿನ ಕೊನೆಯಲ್ಲಿ ಒಂದು ಮಾತಿತ್ತು: ಅವಲಂಬಿತರ ಅರ್ಜಿಯ ಖರ್ಚನ್ನು ಕಂಪನಿ ಭರಿಸುವುದಿಲ್ಲ, ಬೇಕಿದ್ದರೆ ಪ್ರತ್ಯೇಕ ಶುಲ್ಕ ಕೊಟ್ಟು ನಮ್ಮಿಂದ ಮಾಡಿಸಿಕೊಳ್ಳಿ, ಇಲ್ಲವೇ ನಿಮ್ಮ ಸ್ವಂತ ವಕೀಲರನ್ನು ಕಾಣಿ. ಹೆಂಡತಿ ಇದ್ದದ್ದು ಅವಲಂಬಿತರ ಎಚ್-4 ವೀಸಾದಲ್ಲಿ. ಅದರ ವಿಸ್ತರಣೆಗೆ ಐ-539 ಎಂಬ ಬೇರೆ ಅರ್ಜಿ. ಶುಲ್ಕದ ಮೊತ್ತ ನೋಡಿದ ನನಗೆ ಒಂದು ಫಾರಂ ತುಂಬಿಸಲು ಇಷ್ಟು ದುಡ್ಡೇ ಎನ್ನಿಸಿತು. ನನ್ನ ಅರ್ಜಿಗೆ ಇದಕ್ಕಿಂತ ಹೆಚ್ಚು ಖರ್ಚಾಗುತ್ತಿತ್ತು. ಅದು ಕಂಪನಿಯ ದುಡ್ಡಾದ್ದರಿಂದ ನನ್ನ ಲೆಕ್ಕಕ್ಕೆ ಬಂದಿರಲಿಲ್ಲ.

ನಮ್ಮ ಕನ್ನಡದ ಬಳಗದಲ್ಲಿ ಟ್ಯಾಕ್ಸ್ ಫೈಲ್ ಮಾಡಿಕೊಡುವ ಹಿರಿಯರೊಬ್ಬರಿದ್ದರು. ಬಹಳ ಒಳ್ಳೆಯ ಮನುಷ್ಯ. ಹೊಸದಾಗಿ ಬಂದವರಿಗೆ ಮನೆ ನೋಡಿಕೊಡುವುದು, ಹಬ್ಬಕ್ಕೆ ಊಟಕ್ಕೆ ಕರೆಯುವುದು, ಯಾರಿಗಾದರೂ ಹುಷಾರಿಲ್ಲದಿದ್ದರೆ ಆಸ್ಪತ್ರೆಗೆ ಕಾರು ತರುವುದು, ಎಲ್ಲದಕ್ಕೂ ಅವರೇ ಮುಂದು. ವೀಸಾ ಫಾರಂಗಳನ್ನೂ ತುಂಬಿಕೊಡುತ್ತಾರೆಂದು ಕೇಳಿದ್ದೆ. ಒಂದು ಭಾನುವಾರ ಹೋದೆವು. ಕಾಫಿ ಕೊಟ್ಟರು. "ಇದಕ್ಕೆಲ್ಲ ಲಾಯರ್ ಯಾಕಪ್ಪ? ಇದ್ದದ್ದನ್ನ ಇದ್ದ ಹಾಗೆ ಬರೆಯೋದು ತಾನೆ?" ಅಂದರು. ಆಗ ನಾನು ಕೇಳಬಯಸಿದ್ದ ಮಾತೂ ಅದೇ ಆಗಿತ್ತು. ಹೆಂಡತಿ ಮಾತ್ರ ಕಾರಿನಲ್ಲಿ ಬರುವಾಗ, "ಒಂದ್ಸಲ ಲಾಯರ್‌ಗೂ ತೋರಿಸೋಣ್ವಾ?" ಎಂದು ಕೇಳಿದಳು. "ಅವರಿಗೆ ಇದೆಲ್ಲ ಚೆನ್ನಾಗಿ ಗೊತ್ತು" ಎಂದು ನಾನೇ ಮಾತು ಮುಗಿಸಿದೆ.

ಆ ಹಿರಿಯರು ಅವಳ ಹಿಂದಿನ ಎಚ್-4 ಮಂಜೂರಾತಿ ಪತ್ರ ನೋಡಿ, ಅದರಲ್ಲಿದ್ದ ಕೊನೆಯ ತಾರೀಖನ್ನು ಫಾರಮ್ಮಿಗೆ ಇಳಿಸಿದರು. ಆ ತಾರೀಖಿಗೆ ಇನ್ನೂ ಕಾಲವಿತ್ತು. ಆದರೆ ಆ ಪತ್ರ ಬಂದಮೇಲೆ ನಾವು ಊರಿಗೆ ಹೋಗಿ ಬಂದಿದ್ದೆವು. ಪ್ರತಿ ಸಲ ದೇಶದೊಳಗೆ ಕಾಲಿಟ್ಟಾಗಲೂ ವಿಮಾನ ನಿಲ್ದಾಣದಲ್ಲಿ ಐ-94 ಎಂಬ ಹೊಸ ದಾಖಲೆ ಹುಟ್ಟುತ್ತದೆ. ಎಲ್ಲಿಯ ತನಕ ಇರಬಹುದು ಎನ್ನುವುದನ್ನು ನಿರ್ಧರಿಸುವುದು ತೀರ ಇತ್ತೀಚಿನ ಆ ದಾಖಲೆ. ಹಳೆಯ ಪತ್ರವೂ ಅಲ್ಲ, ವೀಸಾ ಸ್ಟ್ಯಾಂಪೂ ಅಲ್ಲ. ಪಾಸ್‌ಪೋರ್ಟ್ ಬೇಗ ಮುಗಿಯುವುದಿದ್ದರೆ ಅಧಿಕಾರಿಗಳು ಐ-94ರ ಅವಧಿಯನ್ನೂ ಅಲ್ಲಿಗೇ ಮೊಟಕುಗೊಳಿಸುವುದುಂಟು. ಅವಳಿಗೆ ಆದದ್ದು ಅದೇ. ಒಂದೇ ಸಾಲಿನಲ್ಲಿ ನಿಂತು ಒಳಗೆ ಬಂದ ನಮ್ಮಿಬ್ಬರಿಗೆ ಬೇರೆ ಬೇರೆ ಗಡುವು ಸಿಕ್ಕಿತ್ತು.

ಮುಂಚೆ ಐ-94 ಎಂದರೆ ಪಾಸ್‌ಪೋರ್ಟಿಗೆ ಪಿನ್ನು ಹೊಡೆದ ಬಿಳಿ ಚೀಟಿ. 2013ರಿಂದ ಈಚೆಗೆ ವಿಮಾನದಲ್ಲಿ ಬಂದವರ ದಾಖಲೆ ಕಂಪ್ಯೂಟರಿನಲ್ಲಿರುತ್ತದೆ. ನಾವಾಗಿ ತೆಗೆದು ನೋಡದಿದ್ದರೆ ಕಣ್ಣಿಗೆ ಬೀಳುವುದೇ ಇಲ್ಲ. ನಮ್ಮ ವಿಷಯದಲ್ಲಿ ಇನ್ನೊಂದು ಸುಳಿವೂ ಇತ್ತು: ಪಾಸ್‌ಪೋರ್ಟಿನ ಮೇಲಿನ ಸೀಲಿನಲ್ಲಿ ಅಧಿಕಾರಿ ಪೆನ್ನಿನಿಂದ ಗೀಚಿದ್ದ ತಾರೀಖು. ಅವಳ ಪಾಸ್‌ಪೋರ್ಟನ್ನು ನವೀಕರಿಸಿದೆವು, ಹೊಸದು ಬಂತು, ಸೀಲಿದ್ದ ಹಳೆಯದು ಬೀರುವಿನ ಲಾಕರ್ ಸೇರಿತು. ಪಾಸ್‌ಪೋರ್ಟ್ ಹೊಸದಾದರೂ ಐ-94ರ ಗಡುವು ತಾನಾಗಿ ಮುಂದಕ್ಕೆ ಹೋಗುವುದಿಲ್ಲ ಎಂಬುದು ನನಗೂ ಗೊತ್ತಿರಲಿಲ್ಲ, ಆ ಹಿರಿಯರಿಗೂ ಗೊತ್ತಿರಲಿಲ್ಲ. ನಾವು ಅರ್ಜಿ ಹಾಕುವ ಹೊತ್ತಿಗೆ ಅವಳ ಗಡುವು ಮುಗಿದುಹೋಗಿತ್ತು.

ಅರ್ಜಿ ಹಾಕಿದ ದಿನ ನೀವು ಸಕ್ರಮವಾಗಿ ಇಲ್ಲಿದ್ದಿರಿ ಎಂಬುದಕ್ಕೆ ಪುರಾವೆ ಕೊಡಿ ಎಂದು ವಲಸೆ ಇಲಾಖೆಯ ನೋಟಿಸು ಬಂದಾಗಲೇ ನಾನು ವಕೀಲರನ್ನು ಹುಡುಕಲು ಹೊರಟದ್ದು. ಅಪಾಯಿಂಟ್‌ಮೆಂಟಿಗೆ ಇಬ್ಬರೂ ಹೋದೆವು. ನಾನು ಫೈಲು ಬಿಚ್ಚಿ ಕಥೆ ಹೇಳಲು ಶುರು ಮಾಡಿದೆ. ವಕೀಲೆ ನನ್ನನ್ನು ತಡೆದು, ಹೆಂಡತಿಯ ಕಡೆ ತಿರುಗಿ, "ಇಲ್ಲಿ ಕಕ್ಷಿದಾರರು ನೀವು. ನೀವೇ ಹೇಳಿ. ಕೊನೆಯ ಸಲ ಈ ದೇಶದೊಳಗೆ ಬಂದದ್ದು ಯಾವಾಗ?" ಎಂದು ಕೇಳಿದರು. ಆಮೇಲೆ ಅವಳ ಕೈಯಿಂದಲೇ ವಿವರ ಹಾಕಿಸಿ ಐ-94 ತೆಗೆಸಿದರು. ಪ್ರಿಂಟರಿನಿಂದ ಬಂದ ಒಂದೇ ಹಾಳೆ. ಅದರಲ್ಲೊಂದು ಸಾಲಿನ ಕೆಳಗೆ ಪೆನ್ನಿನಿಂದ ಗೆರೆ ಎಳೆದು ಅವಳ ಮುಂದಿಟ್ಟರು. ಅದು ಅವಳ ಹಳೆಯ ಪಾಸ್‌ಪೋರ್ಟ್ ಮುಗಿದ ತಾರೀಖು. ನಾವು ಕೂತು ಐದು ನಿಮಿಷ ಕೂಡ ಆಗಿರಲಿಲ್ಲ.

ಮುಂದಿನದನ್ನು ಸುತ್ತುಬಳಸಿಲ್ಲದೆ ಹೇಳಿದರು. ಅವಳು ಎಚ್-4 ಆಧಾರದ ಮೇಲೆ ಪರವಾನಗಿ ಪಡೆದು ಕೆಲಸ ಮಾಡುತ್ತಿದ್ದಳು. 2015ರಿಂದ ಕೆಲವು ಎಚ್-4 ಸಂಗಾತಿಗಳಿಗೆ ಆ ಅವಕಾಶ ಸಿಕ್ಕಿದೆ. ಆ ಪರವಾನಗಿಯ ಕಾರ್ಡಿನ ಮೇಲೆ ಇನ್ನೂ ಅವಧಿ ಇದ್ದರೂ ಅದರ ಕೆಳಗಿನ ನೆಲವೇ ಹೋಗಿದ್ದರಿಂದ ಇವತ್ತೇ ಕೆಲಸ ನಿಲ್ಲಿಸಬೇಕು. 1996ರ ಕಾನೂನಿನ ಪ್ರಕಾರ ಅಕ್ರಮವಾಸ 180 ದಿನ ದಾಟಿದ ಮೇಲೆ ದೇಶ ಬಿಟ್ಟರೆ ಮೂರು ವರ್ಷ ಮರಳಿ ಬರುವಂತಿಲ್ಲ. ಒಂದು ವರ್ಷ ತುಂಬಿದರೆ ನಿಷೇಧ ಹತ್ತು ವರ್ಷ. ಗಡುವು ಮೀರಿ ಹಾಕಿದ ಅರ್ಜಿ ಬಾಕಿ ಇದೆ ಎಂದ ಮಾತ್ರಕ್ಕೆ ಆ ಎಣಿಕೆ ನಿಲ್ಲುವುದಿಲ್ಲ. ತಡವನ್ನು ಮನ್ನಿಸಿ ಎಂದು ಇಲಾಖೆಯನ್ನು ಕೇಳಬಹುದು; ಒಪ್ಪುವುದು ಬಿಡುವುದು ಅವರಿಗೆ ಸೇರಿದ್ದು. ಕಾದು ಕೂತು, 180 ದಿನ ಕಳೆದಮೇಲೆ ಇಲ್ಲ ಎಂದರೆ? "ನನ್ನ ಸಲಹೆ, ಬೇಗ ಹೊರಡಿ. ಆದರೆ ನಿರ್ಧಾರ ನಿಮ್ಮದು" ಎಂದರು. ಗಡುವು ಮೀರಿ ಉಳಿದವರ ವೀಸಾ ಸ್ಟ್ಯಾಂಪು ತಾನಾಗಿ ರದ್ದಾಗುತ್ತದೆ; ಹೊಸದನ್ನು ಸ್ವದೇಶದಲ್ಲೇ ಪಡೆಯಬೇಕು. ಅವಳು ಚೆನ್ನೈನ ದೂತಾವಾಸದಲ್ಲಿ ಸಂದರ್ಶನಕ್ಕೆ ನಿಲ್ಲಬೇಕಿತ್ತು.

ಅವಳು ಕೆಲಸ ಬಿಟ್ಟಳು. ಮಗಳನ್ನು ಕರೆದುಕೊಂಡು ಶಿವಮೊಗ್ಗದ ತವರಿಗೆ ಹೋದಳು. ಹೊರಡುವ ಹಿಂದಿನ ರಾತ್ರಿ ಸೂಟ್‌ಕೇಸಿನ ಮುಂದೆ ಕೂತು, "ನನ್ನ ಕಾಗದ ನಾನೇ ಓದಬೇಕಿತ್ತು. ನೀವು ಓದಿರ್ತೀರ ಅಂದ್ಕೊಂಡೆ" ಎಂದಳು. ಸಿಟ್ಟಿನಿಂದ ಹೇಳಿದ್ದಲ್ಲ. ಸಿಟ್ಟು ಮಾಡಿದ್ದರೆ ಉತ್ತರ ಕೊಡಲಾದರೂ ಆಗುತ್ತಿತ್ತೇನೋ. ವೀಸಾ ಸಿಕ್ಕಿತು, ತಡವಾಗಿ ವಾಪಸು ಬಂದರು. ಅಷ್ಟರಲ್ಲಿ ಅವಳ ಜಾಗಕ್ಕೆ ಬೇರೆಯವರು ಬಂದಿದ್ದರು. ಕಷ್ಟಪಟ್ಟು ಮತ್ತೆ ಹಿಡಿದಿದ್ದ ನೌಕರಿಯ ದಾರಿ ಕಡಿದಿತ್ತು.

ಆ ತಿಂಗಳುಗಳಲ್ಲಿ ನಾನು ನಡೆದುಕೊಂಡ ರೀತಿ ಇನ್ನೂ ಚುಚ್ಚುತ್ತದೆ. ಬಳಗದವರು "ಎಲ್ರೀ, ಮನೆಯವರು ಕಾಣ್ತಿಲ್ಲ?" ಎಂದು ಕೇಳಿದಾಗಲೆಲ್ಲ, "ಅತ್ತೆಗೆ ಹುಷಾರಿಲ್ಲ, ನೋಡ್ಕೊಳ್ಳೋಕೆ ಹೋಗಿದ್ದಾಳೆ" ಎಂದೆ. ಗಟ್ಟಿಮುಟ್ಟಾಗಿದ್ದ ಅತ್ತೆಯನ್ನು ನನ್ನ ಮಾನ ಕಾಯಲು ಹಾಸಿಗೆ ಹಿಡಿಸಿದೆ. ಫಾರಂ ತುಂಬಿಕೊಟ್ಟ ಹಿರಿಯರು ಎದುರಾದಾಗಲೂ ಅದೇ ಸುಳ್ಳು. ಪಾಪ, ಅವರು ಅತ್ತೆಯ ಆರೋಗ್ಯ ವಿಚಾರಿಸಿದರು. ಆ ದಿನಗಳಲ್ಲಿ ಇನ್ನೂ ಎಷ್ಟು ಮಂದಿ ಅವರಲ್ಲಿಗೆ ಫಾರಂ ಹಿಡಿದು ಹೋದರೋ. ನಾನು ಬಾಯಿ ಬಿಟ್ಟಿದ್ದರೆ ಕೆಲವರಾದರೂ ಐ-94 ತೆಗೆದು ನೋಡುತ್ತಿದ್ದರು. ಕೊನೆಗೊಂದು ದಿನ ಅವರ ಮನೆಗೇ ಹೋಗಿ ಎಲ್ಲ ಹೇಳಿದೆ. ಬಹಳ ಹೊತ್ತು ತಲೆ ಬಗ್ಗಿಸಿ ಕೂತರು. ಇನ್ನು ಟ್ಯಾಕ್ಸ್ ಬಿಟ್ಟು ಬೇರೆ ಯಾವ ಫಾರಮ್ಮನ್ನೂ ಮುಟ್ಟುವುದಿಲ್ಲ ಎಂದರು, ಹಾಗೆಯೇ ನಡೆದುಕೊಂಡರು.

ಅವರು ಕೆಟ್ಟವರಾಗಿದ್ದರೆ ಈ ಕಥೆ ಸುಲಭವಾಗುತ್ತಿತ್ತು. ಮೋಸಗಾರರನ್ನು ಗುರುತಿಸುವುದು ಅಷ್ಟು ಕಷ್ಟವಲ್ಲ: ವೀಸಾ ಖಂಡಿತ ಸಿಗುತ್ತದೆ ಎಂದು ಮಾತು ಕೊಡುವವರು, ಖಾಲಿ ಫಾರಮ್ಮಿಗೆ ಸಹಿ ಹಾಕಿಸಿಕೊಳ್ಳುವವರು, ಕಳಿಸಿದ ಅರ್ಜಿಯ ಪ್ರತಿ ಕೊಡದವರು. ಒಳ್ಳೆಯವರ ಅರೆತಿಳಿವನ್ನು ಗುರುತಿಸುವುದೇ ಕಷ್ಟ. ಅದಕ್ಕೇ ಈ ದೇಶದ ಕಾನೂನು ಒಂದು ಗೆರೆ ಎಳೆದಿದೆ. ವಲಸೆಯ ವಿಷಯದಲ್ಲಿ ಕಾನೂನು ಸಲಹೆ ಕೊಡುವ ಅಧಿಕಾರ ಇರುವುದು ಪರವಾನಗಿ ಇರುವ ವಕೀಲರಿಗೆ, ಇಲ್ಲವೇ ನ್ಯಾಯ ಇಲಾಖೆ ಮಾನ್ಯ ಮಾಡಿದ ಸಂಸ್ಥೆಗಳ ಅಧಿಕೃತ ಪ್ರತಿನಿಧಿಗಳಿಗೆ. ಲಾಭದ ಉದ್ದೇಶವಿಲ್ಲದ ಆ ಸಂಸ್ಥೆಗಳು ಕೈಯಲ್ಲಿ ಕಾಸು ಕಡಿಮೆ ಇದ್ದವರಿಗೆ ದೊಡ್ಡ ಆಸರೆ. ಉಳಿದವರು ನಾವು ಹೇಳಿದ ಉತ್ತರವನ್ನು ಬರೆದುಕೊಡಬಹುದು; ಯಾವ ಫಾರಂ, ಯಾವ ಉತ್ತರ ಎಂದು ಹೇಳುವಂತಿಲ್ಲ. ವಲಸೆ ಕಾನೂನು ಕೇಂದ್ರ ಸರ್ಕಾರದ್ದಾದ್ದರಿಂದ ಯಾವ ರಾಜ್ಯದ ಪರವಾನಗಿ ಇದ್ದರೂ ನಡೆಯುತ್ತದೆ. ಹೆಸರು ಸಿಕ್ಕರೆ ಸಾಕು, ಆಯಾ ರಾಜ್ಯದ ಬಾರ್‌ನ ಪಟ್ಟಿಯಲ್ಲಿ ಪರವಾನಗಿ ಚಾಲ್ತಿಯಲ್ಲಿದೆಯೇ, ಶಿಸ್ತುಕ್ರಮ ಏನಾದರೂ ಆಗಿದೆಯೇ ನೋಡಬಹುದು. ವಲಸೆ ನ್ಯಾಯಾಲಯಗಳ ಕಚೇರಿಯೂ ಶಿಕ್ಷೆಗೊಳಗಾದವರ ಪಟ್ಟಿ ಪ್ರಕಟಿಸುತ್ತದೆ. ಆ ಭಾನುವಾರ ಕಾಫಿ ಕುಡಿದು ಮುಗಿಸುವಷ್ಟರಲ್ಲಿ ನಾನು ಇಷ್ಟನ್ನೂ ನೋಡಬಹುದಿತ್ತು.

ಆದರೆ ಪರವಾನಗಿ ಬಾಗಿಲು ಮಾತ್ರ. ಗಡೀಪಾರಿನ ಮೊಕದ್ದಮೆಯಲ್ಲಿ ಪಳಗಿದವರಿಗೆ ನೌಕರಿ ವೀಸಾದ ಸೂಕ್ಷ್ಮ ತಿಳಿದಿರಬೇಕೆಂದಿಲ್ಲ. ನಿಮ್ಮಂಥದೇ ಪ್ರಕರಣ ನಡೆಸಿದ್ದಾರೆಯೇ ಎಂದು ಕೇಳಬೇಕು. ಶುಲ್ಕ ಎಷ್ಟು, ಅದರಲ್ಲಿ ಏನೇನು ಸೇರಿದೆ ಎಂಬುದು ಬರಹದಲ್ಲಿರಬೇಕು. ಜಿ-28 ಎಂಬ ಫಾರಂ ಇದೆ. ಇಂಥವರ ಪರವಾಗಿ ನಾನು ನಿಂತಿದ್ದೇನೆ ಎಂದು ವಕೀಲರು ಸರ್ಕಾರಕ್ಕೆ ಸಹಿ ಹಾಕಿ ಹೇಳುವ ಕಾಗದ. ಹಣ ತೆಗೆದುಕೊಂಡು ಆ ಸಹಿಗೆ ಹಿಂಜರಿಯುವವರು ತಪ್ಪಾದಾಗ ಜೊತೆಗಿರುವುದಿಲ್ಲ.

ಇದೆಲ್ಲಕ್ಕಿಂತ ಮುಂಚೆ ಕೇಳಬೇಕಾದದ್ದು: ಇವರು ಯಾರ ಪರ? ಕಂಪನಿಯ ವಕೀಲರು ಕಂಪನಿಯ ಅರ್ಜಿಗೆ ನಿಂತವರು. ಆ ಅರ್ಜಿಯ ಮಟ್ಟಿಗೆ ನನ್ನ ಪರವೂ ಹೌದು. ನನ್ನ ಹೆಂಡತಿಯ ಪರವಾಗಿ ಅಲ್ಲಿ ಯಾರೂ ಇರಲಿಲ್ಲ. ಆ ಜಾಗದಲ್ಲಿ ನಾನು ನಿಂತೆ, ಓದದೆ ನಿಂತೆ. ಈಗ ಅವಳ ಫೈಲು ಅವಳ ಬಳಿಯೇ ಇದೆ, ವಕೀಲರಿಗೆ ಅವಳೇ ಫೋನು ಮಾಡುತ್ತಾಳೆ. ಊರಿಂದ ಹೊಸದಾಗಿ ಬಂದ ಜೋಡಿಗಳು ಒಳ್ಳೆಯ ಲಾಯರ್ ಯಾರು ಎಂದು ಕೇಳಿದರೆ ನಡೆದದ್ದನ್ನೆಲ್ಲ ಹೇಳುತ್ತೇನೆ, ಅತ್ತೆಯ ಹೆಸರಿನಲ್ಲಿ ಹೇಳಿದ ಸುಳ್ಳನ್ನೂ ಸೇರಿಸಿ. ಇಂಥ ತಪ್ಪುಗಳನ್ನು ನಾವು ಮರ್ಯಾದೆಗೆ ಅಂಜಿ ಮುಚ್ಚಿಡುತ್ತೇವೆ; ಹಾಗೆ ಮುಚ್ಚಿಟ್ಟಷ್ಟೂ ಹಿಂದೆ ಬರುವವರು ಅದೇ ಹಳ್ಳಕ್ಕೆ ಬೀಳುತ್ತಾರೆ. ಹೇಳಿ ಮುಗಿಸಿದ ಮೇಲೆ ಒಂದೇ ಕೋರಿಕೆ: ವಕೀಲರ ಹತ್ತಿರ ಇಬ್ಬರೂ ಹೋಗಿ. ಯಾರ ಕಾಗದವೋ ಅವರೇ ಮೊದಲು ಮಾತಾಡಲಿ.